ಕೇಳಿದ್ದನ್ನೆಲ್ಲ ಬರೆದವಳು

ಬಾಗಿಲು ತೆರೆದವಳ ಕೈಯಿಂದ ಹೊಲಿಯುತ್ತಿದ್ದ ಬಟ್ಟೆ ಜಾರಿ ಬಿತ್ತು. ಹೊಸ್ತಿಲಾಚೆ ಅತ್ತೆ ನಿಂತಿದ್ದರು. ಮೂರು ಮಹಡಿ ಹತ್ತಿ ಬಂದ ಏದುಸಿರು, ಮುಷ್ಟಿಯಲ್ಲಿ ಮಡಿಚಿದ ಕಾಗದ.

ಎರಡು ವರ್ಷ... ಎರಡು ವರ್ಷದಿಂದ ಈ ಮುಖ ಕೆಟ್ಟ ಕನಸಿನಲ್ಲಿ ಮಾತ್ರ ಬರುತ್ತಿತ್ತು. ಗಂಡ ಹೊಡೆಯುವಾಗ ನೆರೆಯವರಿಗೆ ಕೇಳಿಸದಿರಲೆಂದು ಕಿಟಕಿ ಮುಚ್ಚುತ್ತಿದ್ದವರು ಇವರೇ. ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವ ನೆಪದಲ್ಲಿ ಹೊರಟವಳು ಮತ್ತೆ ಆ ಮನೆಯತ್ತ ತಲೆಹಾಕಿರಲಿಲ್ಲ. ಊರು ಬದಲಿಸಿದಳು, ನಂಬರು ಬದಲಿಸಿದಳು. ಆದರೂ ಬೀದಿಯಲ್ಲಿ ಬೆನ್ನ ಹಿಂದೆ ಯಾರಾದರೂ ಸರಸರ ನಡೆದು ಬಂದರೆ ಸಾಕು, ಪಕ್ಕದ ಅಂಗಡಿಯೊಳಗೆ ಹೊಕ್ಕುಬಿಡುತ್ತಿದ್ದಳು.

"ಅವರೂ ಬಂದಿದಾರಾ?" ಅವಳು ಮೆಟ್ಟಿಲಿನತ್ತ ಇಣುಕಿದಳು.

"ಇಲ್ಲ. ಒಳಗೆ ಬಿಡು, ಹೇಳ್ತೀನಿ."

ಅತ್ತೆ ಕುರ್ಚಿಯ ಅಂಚಿನಲ್ಲಿ ಕುಳಿತು ಕಾಗದ ಬಿಚ್ಚಿದರು. ಅವರ ಸೊಟ್ಟ ಅಕ್ಷರಗಳಲ್ಲಿ ಸೊಸೆಯ ಹೊಸ ನಂಬರು, ಈ ಮನೆಯ ವಿಳಾಸ, ಮಗಳು ಓದುವ ಶಾಲೆ... ನಿನ್ನೆ ತಾನು ಫೋನಿನಲ್ಲಿ ತುಂಬಿ ಕಳಿಸಿದ್ದ ಕೆಲಸದ ಅರ್ಜಿಯಲ್ಲಿದ್ದದ್ದೆಲ್ಲ ಇಲ್ಲಿತ್ತು! ಕಸೂತಿ ಬಲ್ಲ ಹೆಂಗಸರು ಬೇಕು, ಮನೆಯಲ್ಲೇ ಕೆಲಸ ಎಂದಿತ್ತು ಜಾಹೀರಾತು. ಒಂದು ಖಾನೆ ಖಾಲಿ ಬಿಟ್ಟರೂ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಬರೆದಿದ್ದಳು. ಫೋಟೊ ಕೂಡ ಹಾಕಿದ್ದಳು.

"ಆ ಕಂಪನಿ ಎಲ್ಲೂ ಇಲ್ಲಮ್ಮ. ಆ ಜಾಹೀರಾತು ಹಾಕಿರೋನು ನಿನ್ನ ಗಂಡ. ನೀನು ಸೂಜಿ ದಾರ ಬಿಡೋಳಲ್ಲ ಅಂತ ಅವನಿಗೆ ಗೊತ್ತು. ಐದು ತಿಂಗಳಿಂದ ದಿನಾ ಕಂಪ್ಯೂಟರ್ ಮುಂದೆ ಕೂತು ಯಾರ್ಯಾರದೋ ಫೋಟೊ ನೋಡ್ತಾನೆ. ನಿನ್ನೆ ಅವನು ಸ್ನಾನಕ್ಕೆ ಹೋಗಿದ್ದಾಗ ನಿನ್ನ ಮುಖ ಬಂತು. ಬರ್ಕೊಂಡೆ, ಅಳಿಸಿದೆ. ಸರಿಯಾಗಿ ಅಳಿಸಿತೋ ಇಲ್ವೋ, ನನಗೆ ತಿಳಿಯಲ್ಲ. ಇವತ್ತೇ ಈ ಮನೆ ಬಿಡು."

"ನೀವ್ಯಾಕೆ ಇಷ್ಟೆಲ್ಲ...?"

ಅತ್ತೆ ಕಾಗದವನ್ನು ಮತ್ತೆ ಮಡಿಚಿದರು. "ನೀನು ಹೋದ ಮೇಲೆ ಆ ಮನೇಲಿ ಹೊಡೆಸಿಕೊಳ್ಳೋಕೆ ಉಳಿದವಳು ನಾನೊಬ್ಬಳೇ."

"ನೀವೂ ನಮ್ಮ ಜೊತೆ ಬಂದ್ಬಿಡಿ, ಅತ್ತೆ." ಆ ಮಾತು ತನ್ನ ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ.

"ನಾನೂ ಕಾಣೆಯಾದ್ರೆ ಅವನಿಗೆ ಎಲ್ಲಾ ಅರ್ಥ ಆಗುತ್ತೆ. ಆಸ್ಪತ್ರೆಗೆ ಅಂತ ಹೇಳಿ ಬಂದಿದೀನಿ, ಸಂಜೆಯೊಳಗೆ ಮನೇಲಿರ್ಬೇಕು." ಎದ್ದವರು ಕಪಾಟಿನ ಮೇಲಿದ್ದ ಮೊಮ್ಮಗಳ ಫೋಟೊದ ಮುಂದೆ ನಿಂತರು. "ಇಷ್ಟುದ್ದ ಆದ್ಲಾ..." ಎಂದು ಬೆರಳಿನಿಂದ ಅದರ ಕೆನ್ನೆ ಸವರಿದರು. ಶಾಲೆ ಬಿಡಲು ಇನ್ನೊಂದು ಗಂಟೆಯಿತ್ತು. ಅಷ್ಟು ಹೊತ್ತು ಕಾಯಲಿಲ್ಲ. ಮೆಟ್ಟಿಲಿಳಿಯುತ್ತ ಒಮ್ಮೆ ತಿರುಗಿದರು. "ಎಲ್ಲಿಗೆ ಹೋಗ್ತೀಯ ಅಂತ ನನಗೂ ಹೇಳ್ಬೇಡ. ಗೊತ್ತಿದ್ರೆ ಬಾಯಿ ಬಿಡಿಸ್ತಾನೆ."

ಹೊಲಿಗೆಯಂತ್ರವನ್ನು ಅಲ್ಲೇ ಬಿಟ್ಟು, ಮಗಳನ್ನು ತರಗತಿಯಿಂದಲೇ ಕರೆದುಕೊಂಡು, ಅವಳು ಸಿಕ್ಕ ಮೊದಲ ಬಸ್ಸು ಹತ್ತಿದಳು.

ಈಗ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಹರಿದ ಹೊದಿಕೆಗಳನ್ನು ಹೊಲಿಯುವುದು ಅವಳ ಕೆಲಸ. ಖುದ್ದಾಗಿ ಹೋಗಿ ಕೇಳಿ ಪಡೆದದ್ದು. ಅತ್ತೆಯ ನಂಬರು ಅವಳಿಗೆ ಬಾಯಿಪಾಠ. ಊಟದ ಬಿಡುವಿನಲ್ಲಿ ಎಷ್ಟೋ ದಿನ ಒಂಬತ್ತು ಅಂಕಿ ಒತ್ತುತ್ತಾಳೆ. ಆ ಸಂಜೆ ಅವರು ಮನೆ ಸೇರಿದಾಗ ಏನಾಯಿತು? ಇವತ್ತು ಬೆಳಿಗ್ಗೆ ಎದ್ದರೇ? ಕೇಳಬೇಕು... ಆದರೆ ಆ ಕಡೆ ಫೋನು ಎತ್ತುವುದು ಯಾರೆಂದು ಹೇಳಬಲ್ಲವರಾರು? ಒಂದೊಂದಾಗಿ ಅಂಕಿಗಳನ್ನು ಅಳಿಸಿ ಮತ್ತೆ ಸೂಜಿ ಕೈಗೆತ್ತಿಕೊಳ್ಳುತ್ತಾಳೆ.