ಮಚ್ಛೇಂದ್ರನ ಹ್ಯಾಂಡಲ್

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಬರಗಾಲದ ಆ ವರ್ಷ ನನ್ನ ತಮ್ಮ ಮಚ್ಛೇಂದ್ರ ತನ್ನ ಸಣ್ಣ ಡರ್ಟ್ ಬೈಕನ್ನು ಬೀದರಿನ ನನ್ನ ಗ್ಯಾರೇಜಿನಲ್ಲಿ ಬಿಟ್ಟು, ಕಟ್ಟಡದ ಕೆಲಸಕ್ಕೆ ಪುಣೆಗೆ ಹೋದ. ಎರಡು ತಿಂಗಳಿಗೆ ನಾನು ಅದೇ ಬೈಕಿನ ದೊಡ್ಡ ಮಾಡೆಲ್ ಕೊಂಡೆ. ಅದರ ಹ್ಯಾಂಡಲ್ ಕೈಗೆ ಹೊಂದಲಿಲ್ಲವೆಂದು ತಮ್ಮನದನ್ನು ಬಿಚ್ಚಿ ಹಾಕಿದೆ. ಅವನಿಗೆ ಹೇಳಲಿಲ್ಲ.

ಒಬ್ಬರ ಗಾಡಿಯ ಸಾಮಾನು ಇನ್ನೊಬ್ಬರದಕ್ಕೆ ಹಾಕುವಾಗ, ಮೊದಲಿನವರ ಹೆಸರು ಹೇಳಿ ನೀರಿನಲ್ಲಿ ತೊಳೆಯುವುದು ನಮ್ಮಲ್ಲಿ ಅಪ್ಪನ ಕಾಲದ ಪದ್ಧತಿ. ಆಗ ಟ್ಯಾಂಕರ್ ಬರುತ್ತಿದ್ದುದೇ ಎಂಟು ದಿನಕ್ಕೊಮ್ಮೆ. ನೀರು ಉಳಿಸಲೆಂದು ನಾನು ಪೆಟ್ರೋಲಿನಲ್ಲೇ ಒರೆಸಿ ಕೆಲಸ ಮುಗಿಸಿದೆ.

ಮರುದಿನ ಮಧ್ಯಾಹ್ನ ಭಾಲ್ಕಿ ದಾರಿಯಲ್ಲಿ, ಆ ಸುಡುಬಿಸಿಲಲ್ಲಿ, ಹ್ಯಾಂಡಲಿನ ಹಿಡಿಕೆಗಳು ತಣ್ಣಗೆ ಒದ್ದೆಯಾದವು. ಒರೆಸಿದಷ್ಟೂ ಒದ್ದೆ. ನಾಲಿಗೆಗೆ ಹಚ್ಚಿ ನೋಡಿದರೆ ಬೆವರಿನ ಉಪ್ಪು.

ಗಾಡಿ ನಿಲ್ಲಿಸಿ ಪುಣೆಗೆ, ತಮ್ಮನಿಗೆ ಫೋನು ಹಚ್ಚಿದೆ.

"ಅರಾಮ ಇದ್ದೇನಿ ಅಣ್ಣಾ," ಅಂದ. "ಆದ್ರ ನಿನ್ನಿಯಿಂದ ಅಂಗೈ ಬೆವರೋದು ನಿಂದ್ರವಲ್ದು. ಆರನೇ ಮಾಳಿಗಿ ಮ್ಯಾಲ ಕೆಲಸ, ಪೈಪ ಹಿಡದ್ರ ಕೈ ಜಾರ್ತಾವ. ಎಷ್ಟ ತೊಳದ್ರೂ ಪೆಟ್ರೋಲ್ ವಾಸನಿ ಹೋಗವಲ್ದು. ಇಲ್ಲಿ ನಾ ಯಾವ ಗಾಡೀನೂ ಮುಟ್ಟಿಲ್ಲ."

"ಮಚ್ಛೂ, ಮದಲ ಕೆಳಗ ಇಳಿ," ಅಂದೆ.

"ಯಾಕ?"

ಫೋನಿಟ್ಟು ಗಾಡಿ ತಿರುಗಿಸಿದೆ. ಮನೆಗೆ ಬಂದು, ಕುಡಿಯುವ ನೀರಿನ ಕೊಡವನ್ನೇ ಸುರಿದು, ಅವನ ಹೆಸರು ಹೇಳಿ ತೊಳೆದೆ. ಒದ್ದೆ ಆರಲಿಲ್ಲ. ಬಿಚ್ಚಿದರೆ ಅಲ್ಲಿ ಅವನ ಕೈಗೆ ಏನಾದೀತೋ ಎಂದು ಬಿಚ್ಚಲು ಧೈರ್ಯ ಬರಲಿಲ್ಲ.

ಇವತ್ತಿಗೂ ಅವನು ಕೆಲಸಕ್ಕೆ ಹತ್ತುವ ಹೊತ್ತಿಗೆ ಗಾಡಿಯ ಹತ್ತಿರ ಹೋಗಿ, ಅವನು ಜಾರಬಾರದೆಂದು ಆ ಹಿಡಿಕೆಗಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಲ್ಲುತ್ತೇನೆ. ಅವೂ ನನ್ನ ಕೈ ಹಿಡಿದುಕೊಳ್ಳುತ್ತವೆ.