ಕಂದೀಲಿನ ಹಗ್ಗ

ಹಣಮಂತ್ರಾಯನನ್ನು ಹಗೇವಿನಿಂದ ಮೇಲೆಳೆದಾಗ ಹೊತ್ತು ನೆತ್ತಿಗೆ ಬಂದಿತ್ತು. ನೆಲದೊಳಗಿನ ಆ ಜೋಳದ ಗುಂಡಿಗೆ ಇಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಬಾವಿಗೆ ಬಿದ್ದ ಕೊಡ ತೆಗೆಯುವ ಕೊಕ್ಕೆಯನ್ನು ಅವನ ನಡುಪಟ್ಟಿಗೆ ಸಿಕ್ಕಿಸಿ ನಾಲ್ಕು ಮಂದಿ ಎಳೆದರು. ಮೈಮೇಲೆ ಒಂದು ಗಾಯವಿಲ್ಲ. ಬಾಯಿ ಮಾತ್ರ ಅಗಲವಾಗಿ ತೆರೆದಿತ್ತು.

೧೯೩೯ನೇ ಇಸವಿ. ಮಿರಗದ ಮೊದಲ ಮಳೆ ಅವತ್ತು ನಸುಕಿನಲ್ಲಿ ನರೋಣಾ ಊರಿನ ಮೇಲೆ ಬಿದ್ದು, ಹೊತ್ತೇರಿದ ಮೇಲೆ ನಿಂತಿತ್ತು. ಆಳಂದ ಠಾಣೆಯ ಅಮೀನ ಶಾಂತಲಿಂಗಪ್ಪ ಮಧ್ಯಾಹ್ನ ಕುದುರೆಯಿಂದ ಇಳಿದಾಗ ಅಂಗಳ ಇನ್ನೂ ಕೆಸರಾಗಿತ್ತು.

ಆ ಅಂಗಳ ಅವನಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಹಣಮಂತ್ರಾಯನ ಹೆಂಡತಿ ಬಾಳಮ್ಮ ಜೇವರ್ಗಿ ಕಡೆಯ ತವರಿಗೆ ಓಡಿ ಹೋಗಿದ್ದಳು. ಗಂಡ ಫಿರ್ಯಾದಿ ಕೊಟ್ಟ. ಶಾಂತಲಿಂಗಪ್ಪನೇ ಹೋಗಿ ಅವಳನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: "ಸಾಹೇಬ್ರ, ಜರಾ ನಿಧಾನ ಹೊಡೀಲಾಕ ಹೇಳ್ರಿ."

ಈಗ ಅವಳು ಒಲೆಯ ಮುಂದಿನಿಂದ ಎದ್ದು ಬಂದಳು. ಅವನು ಇನ್ನೂ ಏನೂ ಕೇಳಿರಲಿಲ್ಲ.

"ನಾನ ಕೊಂದೇನ್ರಿ. ತಪ್ಪಾತ್ರಿ."

\* \* \*

ಜೊತೆಗೆ ಬಂದ ಜವಾನನಿಗೆ ಖುಷಿಯಾಯಿತು. ಬಯಾನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದರೆ ಕೆಲಸ ಮುಗಿದಂತೆ. ಊರಿನ ಪೊಲೀಸ್ ಪಾಟೀಲ ದೊಡ್ಡಪ್ಪನೂ ತಲೆಯಾಡಿಸಿದ.

"ಹೆಂಗ ಕೊಂದಿ?" ಶಾಂತಲಿಂಗಪ್ಪ ಕೇಳಿದ.

"ನೂಕಿದೇನ್ರಿ."

"ಅವನ ಮೈಮ್ಯಾಲ ಪೆಟ್ಟಿಲ್ಲ. ಗುಂಡಿಯೊಳಗ ನಿಚ್ಚಣಿಕಿ ಇಳಿಬಿಟ್ಟದ. ನೂಕಿಸಿಕೊಂಡಾಂವ ನಿಚ್ಚಣಿಕಿ ಹಿಡಕೊಂಡು ಇಳೀತಾನೇನು?"

"ಹಂಗಾರ ಇಳಿ ಅಂದೇನ್ರಿ."

ಅವಳ ಕಣ್ಣು ಅವನ ಮುಖದ ಮೇಲೇ ಇತ್ತು. ಯಾವ ಉತ್ತರ ಕೊಟ್ಟರೆ ಈ ಮುಖ ಶಾಂತವಾದೀತು ಎಂದು ಅವಳು ಹುಡುಕುತ್ತಿದ್ದಳು. ಶಾಂತಲಿಂಗಪ್ಪನಿಗೆ ಏನೋ ಹೊಳೆಯಿತು.

"ಹೋದ ತಿಂಗಳು ಜೇವರ್ಗಿ ಕಚೇರಿ ಗಡಿಯಾರ ಕಳುವಾಗ್ಯದ. ಅದನ್ನ ಕದ್ದಾಕಿನೂ ನೀನ ಏನು?"

"ಹೌದ್ರಿ," ಅಂದಳು ಬಾಳಮ್ಮ. "ತಪ್ಪಾತ್ರಿ."

ಅಂಥ ಕಳವು ನಡೆದೇ ಇರಲಿಲ್ಲ. ಜವಾನ ನಕ್ಕ. ಶಾಂತಲಿಂಗಪ್ಪ ನಗಲಿಲ್ಲ. ಅವಳ ಬಲಗೈ ಕಡೆ ನೋಡಿದ. ಮಣಿಕಟ್ಟು ಎಂದೋ ಮುರಿದು, ಸೊಟ್ಟಗೇ ಕೂಡಿಕೊಂಡಿತ್ತು. ಬೆರಳು ಮಡಚುತ್ತಿರಲಿಲ್ಲ.

"ಬಯಾನು ಹರಿದು ಹಾಕು," ಅಂದ ಜವಾನನಿಗೆ.

\* \* \*

ಹಣಮಂತ್ರಾಯನ ತಮ್ಮ ಚಂದಪ್ಪ ಸಂಜೆಯ ಹೊತ್ತಿಗೆ ಆಳಂದದಿಂದ ಬಂಡಿ ಹೊಡೆದುಕೊಂಡು ಬಂದ. ಅಣ್ಣನಿಗೆ ಗಂಡುಮಕ್ಕಳಿಲ್ಲ. ಹೊಲ ಇನ್ನು ಇವನದೇ. ಅವನ ಕಣ್ಣಲ್ಲಿ ನೀರಿರಲಿಲ್ಲ. ಶಾಂತಲಿಂಗಪ್ಪ ಅವನನ್ನು ಒಂದು ತಾಸು ಕೂಡಿಸಿ ಕೇಳಿದ.

"ನಿನ್ನೆ ಮಧ್ಯಾಹ್ನ ಅಣ್ಣಾ ನಾನೂ ಕೂಡೇ ಸಂತಿಗಿ ಹೋಗಿದ್ದೆವ್ರಿ. ಅಂವ ಇವತ್ತ ಮುಂಜಾನಿ ಎದ್ದು ಮೊದಲ ಬಂದ. ನಾ ಅಡತಿ ಅಂಗಡ್ಯಾಗ ಉಳದೆ."

ಜವಾನ ಮರುದಿನ ಆಳಂದಕ್ಕೆ ಹೋಗಿ ವಿಚಾರಿಸಿದ. ಮಾತು ಖರೇ ಇತ್ತು. ಅಣ್ಣ ಸಾಯುವ ಹೊತ್ತಿಗೆ ಚಂದಪ್ಪ ಹತ್ತು ಮಂದಿಯ ನಡುವೆ ಚಹಾ ಕುಡಿಯುತ್ತ ಕೂತಿದ್ದ.

ಅದಕ್ಕೆ ಮೊದಲೇ, ಅವತ್ತೇ ಸಂಜೆ, ಶಾಂತಲಿಂಗಪ್ಪ ಪಕ್ಕದ ಮನೆಯ ಗೋಡೆಯ ಹತ್ತಿರ ಹೋಗಿ ನಿಂತಿದ್ದ. ಆಚೆ ಗೌಸಿಯಾಬೇಗಂ ಅಕ್ಕಿ ಹಸನು ಮಾಡುತ್ತಿದ್ದಳು.

"ನೀವು ಏನರ ಕೇಳೀರೇನು, ಅಮ್ಮಾ?"

"ಮುಂಜಾನಿ ಹಣಮಂತ್ರಾಯ ಬಂದು, ಹಗೇವು ಯಾವಾಗ ತೆರದಿ ಅಂದ. ಅವರವ್ವ ರೇವಮ್ಮ, ನಿನ್ನೆ ಸಂಜೀಕ ಅಂದಳು. ದೀಪಾ ಬಿಟ್ಟು ನೋಡ್ರಿ ಅಂದ. ಉರೀಲಾಕತ್ತದ, ಇಳಿ ಅಂದಳು." ಆಕೆ ಮೊರವನ್ನು ಕೆಳಗಿಟ್ಟಳು. "ನಿನ್ನೆ ಕೂಸಿನ ದನಿ ಕೇಳಿಸ್ತಿತ್ತು. ಮಧ್ಯಾಹ್ನದಿಂದ ಸಂಜೀ ತನಕ."

"ಯಾವ ಕೂಸು?"

"ಬಾಳಮ್ಮನ ಮಗಳು, ಗಂಗೂ. ನಾಕು ವರ್ಷದ್ದು. ನೆಲದೊಳಗಿನ ದನಿ, ಸಾಹೇಬ್."

"ಮತ್ತ ನೀವು ಯಾಕ ಹೋಗಲಿಲ್ಲ?"

ಗೌಸಿಯಾಬೇಗಂ ಮೊರವನ್ನು ಮತ್ತೆ ಎತ್ತಿಕೊಂಡಳು. "ಅವರ ಮನೀ ಮಾತು."

ಎರಡು ವರ್ಷದ ಹಿಂದೆ ಬಾಳಮ್ಮನನ್ನು ಕರೆತಂದು ಬಿಟ್ಟಾಗ ತಾನೂ ಇದೇ ಮಾತು ಅಂದದ್ದು ಶಾಂತಲಿಂಗಪ್ಪನಿಗೆ ನೆನಪಾಯಿತು.

\* \* \*

ರೇವಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಅರವತ್ತರ ಮುದುಕಿ. ಹಗೇವಿನ ಬಳಿ ಬಿದ್ದಿದ್ದ ಕಂದೀಲನ್ನು ಶಾಂತಲಿಂಗಪ್ಪ ಅವಳ ಮುಂದೆಯೇ ಹಚ್ಚಿಸಿದ. ಅದಕ್ಕೆ ಕಟ್ಟಿದ್ದ ಹಗ್ಗ ಎರಡು ಮೊಳ. ಗುಂಡಿಯೊಳಗೆ ಇಳಿಬಿಟ್ಟ. ದೀಪ ಚೆನ್ನಾಗಿ ಉರಿಯಿತು. ಆಮೇಲೆ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ ತಳದ ಜೋಳಕ್ಕೆ ತಾಗುವ ತನಕ ಬಿಟ್ಟ. ದೀಪ ಸಣ್ಣಗಾಗಿ, ನಂದಿತು.

ದೊಡ್ಡಪ್ಪ ಪಾಟೀಲ ಹಿಂದೆ ಸರಿದ.

"ಕೆಟ್ಟ ಗಾಳಿ ತಳದಾಗ ಕೂತಿರ್ತದ," ಅಂದ ಶಾಂತಲಿಂಗಪ್ಪ. "ಅದಕ್ಕ ಒಂದು ದಿನಾ ತೆರೆದಿಟ್ಟು ಆಮ್ಯಾಲ ಇಳೀತಾರ. ನಿನ್ನೆ ಸಂಜೀಕ ತೆರದೀನಿ ಅಂದ್ಯಂತ ನೀನು. ಹಂಗಾರ ಗುಂಡಿ ಬಾಯಿಂದ ತೆಗೆದ ಈ ಹುಲ್ಲು ನಸುಕಿನ ಮಳ್ಯಾಗ ತೊಯ್ದಿರಬೇಕು. ಮುಟ್ಟಿ ನೋಡು, ಒಣಗೇ ಅದ. ಪಕ್ಕಕ್ಕ ಸರಿಸಿದ ಕಲ್ಲಿನ ಬುಡಕ ನೆಲಾ ಒಣಗಿರಬೇಕು. ಅಲ್ಲಿ ಕೆಸರು ಅದ. ಮಳಿ ನಿಂತ ಮ್ಯಾಲ ತೆರದದ್ದು ಇದು. ಬಾಳಮ್ಮನ ಕೈಲಿ ಕಲ್ಲು ಎಬ್ಬಿಸೂ ಕಬ್ಬಿಣದ ಹಾರಿ ಹಿಡೀಲಾಕ ಆಗೂದಿಲ್ಲ, ಗಂಟು ಹಾಕಲಾಕ ಆಗೂದಿಲ್ಲ. ಚಂದಪ್ಪ ಆಗ ಊರಾಗ ಇದ್ದಿಲ್ಲ." ಅವನು ಮುದುಕಿಯ ಕೈ ಹಿಡಿದು ತಿರುವಿದ. ಅಂಗೈಯಲ್ಲಿ ಹೊಸ ಬೊಕ್ಕೆಗಳು. "ಹಾರಿ ಹಾಕಿ ಕಲ್ಲು ಎಬ್ಬಿಸಿದಾಕಿ ನೀನು. ಗಿಡ್ಡ ಹಗ್ಗ ಕಟ್ಟಿದಾಕಿನೂ ನೀನು. ಅವ್ವ ಹೇಳ್ಯಾಳ ಅಂತ ಅಂವ ಹುಲ್ಲು ಸುದಾ ನೋಡಲಿಲ್ಲ."

ರೇವಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

"ಅಲ್ಲಿ ಇನ್ನೊಂದು ಹಗೇವು ಅದ, ನೋಡ್ರಿ. ಖಾಲೀದು," ಅಂದಳು. "ಹಣಮಂತನ ಅಪ್ಪ, ತಪ್ಪಾತು ಅಂದ್ರ ನನ್ನ ಅದರಾಗ ಇಳಸ್ತಿದ್ದ. ಹಣಮಂತ ಸಣ್ಣಾಂವ. ಮ್ಯಾಲ ಕೂತು ಬಗ್ಗಿ ನೋಡ್ತಿದ್ದ. ಮೊದಮೊದಲು ಅಳ್ತಿದ್ದ. ಆಮ್ಯಾಲ ಅಳೂದು ಬಿಟ್ಟ. ದೊಡ್ಡಾಂವಾಗಿ ಬಾಳಮ್ಮನ್ನ ಇಳಸಿದ. ನಾ ಸುಮ್ಮ ಇದ್ದೆ. ನನ್ನ ಸರತಿ ಮುಗೀತು ಅಂತ ಒಳಗೊಳಗ ಸಮಾಧಾನ ಆಗಿತ್ತು ಸಾಹೇಬ್ರ. ಸುಳ್ಳು ಯಾಕ ಹೇಳ್ಲಿ."

ಒಲೆಯ ಕಡೆಯಿಂದ ಬಾಳಮ್ಮನ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ನಿನ್ನೆ ಕೂಸು ಹಾಲು ಚೆಲ್ಲಿತು. ಅಂವ ಅದನ್ನ ಆ ಖಾಲಿ ಹಗೇವಿನ್ಯಾಗ ಇಳಸಿ, ಉಸಿರಿಗಿ ಇಷ್ಟು ಸಂದು ಬಿಟ್ಟು ಕಲ್ಲು ಎಳದ. ನಾ ಬರೂತನಕ ತೆಗೀಬ್ಯಾಡ್ರಿ ಅಂದು ಸಂತಿಗಿ ಹ್ವಾದ. ನಾವಿಬ್ಬರೂ ಕಲ್ಲಿನ ಎರಡೂ ಕಡಿ ಕೂತೆವು. ಕೂಸು ಅಳಲಾಕತ್ತಿತ್ತು. ಅಂವ ಊರಾಗ ಇದ್ದಿಲ್ಲ. ನಮ್ಮನ್ನ ನೋಡಾವ್ರು ಯಾರೂ ಇದ್ದಿಲ್ಲ. ಆದ್ರೂ ನಮ್ಮ ಕೈ ಏಳಲಿಲ್ಲ."

"ಯಾವಾಗ ತೆಗೆದ್ರಿ?"

"ದೀಪಾ ಹಚ್ಚೂ ಹೊತ್ತಿಗಿ. ಅಳೂದು ನಿಂತಿತ್ತು. ಸತ್ತದ ಅಂತ ತಿಳದೆವು. ಸತ್ತದ ಅಂದ ಮ್ಯಾಲ ಅಂಜಿಕಿ ಇರಲಿಲ್ಲ, ಇಬ್ಬರೂ ಕೂಡಿ ಕಲ್ಲು ಸರಿಸಿದೆವು. ಕೂಸು ಕಣ್ಣು ತೆರಕೊಂಡು ಕೂತಿತ್ತು. ಅವಾಗಿಂದ ಅದು ಮಾತಾಡಿಲ್ಲ." ಅವಳು ಸೆರಗು ಸರಿ ಮಾಡಿಕೊಂಡಳು. "ಅಂವ ಇರೂತನಕ ನಮ್ಮ ಕೈ ಏಳೂದಿಲ್ಲ ಅಂತ ನಿನ್ನೆ ತಿಳೀತು. ಮಳಿ ನಿಲ್ಲಲಿ ಅಂತ ಕಾದೆ."

"ಅವನು ಒಳಗ ಬಿದ್ದಾಗ ಏನರ ಅಂದನೇನು?"

"ಅವ್ವಾ ಅಂದ."



\* \* \*

ರೇವಮ್ಮ ಕಲಬುರ್ಗಿಯ ಅದಾಲತ್ತಿನಲ್ಲಿ ಗುನ್ಹೆ ಕಬೂಲು ಮಾಡಿಕೊಂಡಳು. ತೀರ್ಪು ಬರುವ ಮೊದಲೇ, ಥಂಡಿ ಕಾಲದಲ್ಲಿ, ಜೇಲಿನ ದವಾಖಾನೆಯಲ್ಲಿ ಸತ್ತಳು. ಸುದ್ದಿ ಹೇಳಲು ಶಾಂತಲಿಂಗಪ್ಪ ತಾನೇ ನರೋಣಾಕ್ಕೆ ಬಂದ. ಬಾಳಮ್ಮ ಮಗಳ ಜೊತೆ ಚಾವಡಿಗೆ ಬಂದು ಕಂಬದ ಮರೆಯಲ್ಲಿ ನಿಂತಳು. ಸುದ್ದಿ ಕೇಳಿ ಅಳಲಿಲ್ಲ.

"ನೋಡವ್ವಾ, ನಿನಗ ಈಗ ಯಾರ ಹಂಗೂ ಇಲ್ಲ," ಅಂದ ಅವನು. "ಜೇವರ್ಗಿ ಕಡಿ ನಿಮ್ಮಣ್ಣ ಇದ್ದಾನ. ಟಾಂಗಾ ಮಾಡಿ ಕಳಸ್ತೇನಿ. ಇಲ್ಲೇ ಇರತೇನಿ ಅಂದ್ರ ನಿನ್ನ ಪಾಲಿನ ಹೊಲಾ ಕೊಡಸಲಾಕ ತಹಶೀಲದಾರರಿಗಿ ಬರೀತೇನಿ. ನಿನಗ ಏನು ಬೇಕು ಹೇಳು."

ಅವಳು ಅವನ ಮುಖ ನೋಡಿದಳು.

"ನೀವು ಹೆಂಗಂತೀರಿ ಹಂಗ್ರಿ."

"ನಾ ಹೇಳಬಾರ್ದು. ನೀ ಹೇಳಬೇಕು."

ಅವನು ಕಾದ. ಸ್ವಲ್ಪ ಹೊತ್ತಿಗೆ ಅವಳ ಮೈ ನಡುಗತೊಡಗಿತು. ಅವನು ಗಾಬರಿಯಾಗಿ ನೀರು ತರಿಸಿದ. ಅವಳು ಚೆಂಬು ಮುಟ್ಟಲಿಲ್ಲ.

"ತಪ್ಪಾತ್ರಿ," ಅಂದಳು.

ಹೊರಗೆ ಚಂದಪ್ಪ ಬಂದು ನಿಂತಿದ್ದ. ಅವನು ಬೈಯಲಿಲ್ಲ, ದನಿ ಎತ್ತರಿಸಲೂ ಇಲ್ಲ.

"ನಡಿ ಬೇ, ಹೊತ್ತಾತು."

ಬಾಳಮ್ಮನ ನಡುಕ ನಿಂತಿತು. ಮಗಳ ಕೈ ಹಿಡಿದಳು. ಆ ಹುಡುಗಿ ಆಗಲೇ ಎರಡು ಹೆಜ್ಜೆ ಮುಂದಿದ್ದಳು. ಬಾಗಿಲ ಹತ್ತಿರ ಹೋದ ಬಾಳಮ್ಮ ತಿರುಗಿ ನಿಂತಳು.

"ಹೋಗಲೇನ್ರಿ ಸಾಹೇಬ್ರ?"

ಬೇಡ ಅಂದರೆ ಅವಳು ನಿಲ್ಲುತ್ತಿದ್ದಳು. ಅವನು ಬೇಕೆಂದಷ್ಟು ಹೊತ್ತು, ಅಲ್ಲೇ, ಹಾಗೇ ನಿಲ್ಲುತ್ತಿದ್ದಳು. ಅದು ಶಾಂತಲಿಂಗಪ್ಪನಿಗೆ ಗೊತ್ತಿತ್ತು.

ಅವನು ಹೋಗೆಂಬಂತೆ ತಲೆಯಾಡಿಸಿದ.