ತಂಗಿ ಅನ್ನುತ್ತಿದ್ದವನು

"ಎರಡು ಗ್ವಿನ್ಯಾ ಕೊಡು ತಂಗಿ, ಬಿಸೀದು."

ಲ್ವಾಂಡಿಲೆ ದಿನವೂ ಹಾಗೇ ಕೇಳುತ್ತಿದ್ದ. ಎಣ್ಣೆಯಿಂದ ಆಗಷ್ಟೇ ತೆಗೆದ ಹಿಟ್ಟಿನ ಉಂಡೆಗಳನ್ನು ಕಾಗದದಲ್ಲಿ ಸುತ್ತುವಾಗ ಅವನ ಕಣ್ಣು ನನ್ನ ಮುಖದ ಮೇಲೆ ಬಂದು ಕೂರುತ್ತಿತ್ತು. ಮರುಕ್ಷಣ, ಮಾಡಬಾರದ್ದು ಮಾಡಿದವನಂತೆ, ರಸ್ತೆಯ ಕಡೆ ಹೊರಳುತ್ತಿತ್ತು.

ಅವನು ಕೇಪ್‌ಟೌನಿನಲ್ಲಿ ಓದಿ, ನಮ್ಮೂರಿನ ವಿಶ್ವವಿದ್ಯಾಲಯಕ್ಕೆ ಇತಿಹಾಸ ಕಲಿಸಲು ಬಂದವನು. ಗೇಟಿನೆದುರಿನ ಅಂಗಡಿ ನನ್ನ ಚಿಕ್ಕಪ್ಪನ ಹೆಂಡತಿ, ಚಿಕ್ಕಮ್ಮನದು. ಅವಳು ಹುಟ್ಟಿದ್ದು ರಾದೇಬೆ ಕುಲದಲ್ಲಿ. ಮದುವೆಯಾದರೂ ನಮ್ಮಲ್ಲಿ ಹೆಣ್ಣಿನ ಕುಲ ಬದಲಾಗುವುದಿಲ್ಲ. ಕುಲ ಹಿಡಿದು ಕರೆಯುವುದೇ ಮರ್ಯಾದೆ. ಹೆಣ್ಣಾದರೆ ಕುಲದ ಹೆಸರಿನ ಮುಂದೆ 'ಮಾ' ಸೇರಿಸುತ್ತಾರೆ, ಹಾಗಾಗಿ ಎಲ್ಲರಿಗೂ ಅವಳು ಮಾರಾದೇಬೆ. ಅವಳ ಅಂಗಡಿಯಲ್ಲಿ ಕೂತಿದ್ದಕ್ಕೆ ನಾನೂ ಮಾರಾದೇಬೆ.

ಲ್ವಾಂಡಿಲೆಯೂ ರಾದೇಬೆ. ಒಂದೇ ಕುಲದವರು ಒಡಹುಟ್ಟಿದವರ ಲೆಕ್ಕ, ಮದುವೆ ಕೂಡದು.

"ಬಾಯಲ್ಲೇನು ಹಿಟ್ಟು ತುಂಬ್ಕೊಂಡಿದ್ದೀಯಾ?" ಚಿಕ್ಕಮ್ಮ ಗದರುತ್ತಿದ್ದಳು. "ನಾನೇ ಹೇಳ್ಲಾ, ಇವಳು ನಿನ್ನ ಕುಲದವಳಲ್ಲಪ್ಪ ಅಂತ?"

"ನಿನ್ನ ದಮ್ಮಯ್ಯ, ಬೇಡ!"

ಕುಲ ತಿದ್ದಿ ಹೇಳಿದರೆ ಮನಸ್ಸನ್ನೇ ಬಿಚ್ಚಿಟ್ಟಂತೆ. ಅದು ನನ್ನಿಂದ ಆಗುವ ಕೆಲಸವಲ್ಲ. ಶಾಲೆಯಲ್ಲಿ ಇಂಗ್ಲಿಷ್ ತೊದಲಿ ತೊದಲಿ, ಕೊನೆಗೆ ಮಾತನ್ನೂ ಶಾಲೆಯನ್ನೂ ಒಟ್ಟಿಗೇ ಬಿಟ್ಟವಳು ನಾನು.

ಒಂದು ಬೆಳಿಗ್ಗೆ ಅವನು ಓಡಿಕೊಂಡೇ ಬಂದ. "ನಮ್ಮ ಖೋಸಾ ಭಾಷೆಯಲ್ಲೇ ಪಾಠ ಮಾಡೋಕೆ ಒಪ್ಪಿಗೆ ಸಿಕ್ತು ತಂಗಿ! ಊರಿನವರೂ ಬರಬಹುದು. ನೀನೂ ಬಾ."

"ನಾನು ಓದಿಲ್ಲ."

"ಅಜ್ಜಿ ಹೇಳಿದ ಕಥೆ ಕೇಳಿಲ್ವಾ? ಅಲ್ಲಿಂದಲೇ ಪಾಠ ಶುರು."

ಹೋದೆ. ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತೆ. ಮುಂದೆ ಕಂಬಳಿ ಹೊದ್ದ ಅಜ್ಜಿಯರು, ಅವರ ಪಕ್ಕದಲ್ಲಿ ಜೀನ್ಸ್ ತೊಟ್ಟ ಹುಡುಗಿಯರು.

"ಇಲ್ಲಿ ರೋಲ್ ನಂಬರ್ ಇಲ್ಲ," ಅಂದ ಲ್ವಾಂಡಿಲೆ. "ನಮ್ಮ ಪದ್ಧತಿಯಂತೆ ಹೆಸರು, ಕುಲ ಹೇಳಿ."

ಒಬ್ಬೊಬ್ಬರೇ ಹೇಳಿದರು. ಸರದಿ ನನ್ನ ಬಳಿ ಬಂದಾಗ ಅವನೇ ನಕ್ಕು, "ಇವಳು ನಮ್ಮವಳೇ, ಮಾರಾದೇಬೆ," ಎಂದು ಮುಂದಿನವರ ಕಡೆ ತಿರುಗಿದ.

ಈಗ ಸುಮ್ಮನಿದ್ದರೆ ಜೀವಮಾನವಿಡೀ ತಂಗಿ.

ಎದ್ದು ನಿಂತೆ. ಬೆಂಚು ಕಿರ್ರೆಂದಿತು. "ಅಲ್ಲ. ಅದು ಚಿಕ್ಕಮ್ಮನ ಕುಲ. ನಾನು ಬಬಾಲ್ವಾ, ದ್ಲೋಮೊ ಕುಲದವಳು."

ಅವನು ಹಣೆ ಒರೆಸಿಕೊಂಡ. ಸೀಮೆಸುಣ್ಣದ ಬಿಳಿ ಹುಬ್ಬಿಗೆಲ್ಲ ಹತ್ತಿತು.

"ದ್ಲೋಮೊ? ನಿಜವಾಗ್ಲೂ?"

"ಹೂಂ."

"ಮತ್ತೆ... ಅಮ್ಮಂದು?"

ತಾಯಿಯ ಕುಲವನ್ನು ಅವನು ಬೇರೆ ಯಾರನ್ನೂ ಕೇಳಿರಲಿಲ್ಲ. ಅದು ಹೆಣ್ಣು ನೋಡಲು ಬಂದವರು, ಮದುವೆಗೆ ಯಾವ ಕುಲವಾದರೂ ಅಡ್ಡ ಬರುತ್ತದೋ ಎಂದು ಕೇಳುವ ಪ್ರಶ್ನೆ. ಕಿವಿ ಬಿಸಿಯಾಯಿತು.

"ಮಾಂಪಿಂಗಾ."

"ಅಪ್ಪನ ತಾಯಿದು?"

ಮುಂದಿದ್ದ ಅಜ್ಜಿಯೊಬ್ಬಳು ಊರುಗೋಲು ಕುಟ್ಟಿದಳು. "ಮೇಷ್ಟ್ರೇ, ಇದು ಸಿಲಬಸ್‌ನಲ್ಲಿದೆಯೋ, ಇಲ್ಲಾ ನಿಮ್ಮ ಮನೆಯವರನ್ನ ಕರೆಸೋದೋ?"

ಎಲ್ಲರೂ ಗೊಳ್ಳೆಂದರು. ಲ್ವಾಂಡಿಲೆ ಬೋರ್ಡಿನ ಕಡೆ ತಿರುಗಿದ, ಏನೂ ಬರೆಯಲಿಲ್ಲ, ಮತ್ತೆ ಈ ಕಡೆ ತಿರುಗಿದ. ಇತಿಹಾಸವೆಲ್ಲ ಮರೆತವನ ಹಾಗಿದ್ದ. ಅದನ್ನು ನೋಡಿ ನನಗೆ ಎಲ್ಲಿಂದಲೋ ಧೈರ್ಯ ಬಂತು.

"ನಿಮ್ಮ ಅಮ್ಮಂದು ಯಾವ ಕುಲ?" ಎಂದು ಕೇಳಿಯೇಬಿಟ್ಟೆ.

ಅವನು ಬಾಯೊಳಗೇ ಏನೋ ಗೊಣಗಿದ.

"ಜೋರಾಗಿ ಹೇಳು ಮಗಾ," ಅಂದಳು ಅಜ್ಜಿ. "ಹುಡುಗಿ ಹಿಂದಿನ ಬೆಂಚಲ್ಲಿದ್ದಾಳೆ."

"ಮಾಗಟ್ಯೇನಿ!" ಕಾರಿಡಾರಿಗೂ ಕೇಳುವಂತೆ ಕೂಗಿದ.

"ಅಡ್ಡಿಯಿಲ್ಲ," ಅಂದೆ.